ಫೋನ್ ಮಾಡಿದವರ ಪಾಲೂ ಐತಿ

(ತಿಕೋಟಾ ಹತ್ತಿರದ ಒಂದು ಮಣೂಕ (ಒಣದ್ರಾಕ್ಷಿ) ಶೆಡ್ಡು. ಏಪ್ರಿಲ್ ತಿಂಗಳ ಮಧ್ಯಾಹ್ನ. ಮಾಮಾ ದ್ರಾಕ್ಷಿ ಬೆಳೆಗಾರ. ಸೊಸಿ ವಿಜಯಪುರದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವವಳು. ನಡುವೆ ತಾಡಪತ್ರಿಯ ಮೇಲೆ ಒಣಗಿದ ಮಣೂಕದ ರಾಶಿ. ಹಸಿರು ಬಣ್ಣದ್ದನ್ನು ಒಂದು ಬುಟ್ಟಿಗೆ, ಕಂದಿದ್ದನ್ನು ಇನ್ನೊಂದು ಬುಟ್ಟಿಗೆ ಆರಿಸಿ ಹಾಕುತ್ತಾ ಇಬ್ಬರೂ ಮಾತಿಗೆ ಕೂತಿದ್ದಾರೆ.)

ಮಾಮಾ: ಮನುಷ್ಯಾಗ ಒಮ್ಮಿಗೆ ಎರಡು ಕೆಲಸ ಮಾಡಾಕ ಬರೂದಿಲ್ಲ ಅಂತ ನೀ ಕಾಲೇಜಿನಾಗ ಪಾಠ ಹೇಳ್ತೀಯಂತ. ನಾ ಒಪ್ಪೂದಿಲ್ಲ ನೋಡವಾ. ಈಗ ನಾವಿಬ್ಬರೂ ಏನು ಮಾಡಾಕತ್ತೀವಿ? ಕೈ ಮಣೂಕ ಆರಸಾಕತ್ತಾವ, ಬಾಯಿ ಮಾತಾಡಾಕತ್ತೈತಿ. ನಿಮ್ಮ ಆಯಿ ಯರಿ ಹೊಲದಾಗ ಹಿಂಗಾರಿ ಜ್ವಾಳ ಬಿತ್ತುವಾಗ ಕೂರಿಗಿ ಹಿಂದ ನಡಕೋತ ಬೀಜ ಬಿಡ್ತಿದ್ಲು, ಅದರ ಜೊತಿಗೆ ಊರ ಸುದ್ದಿ ಎಲ್ಲಾ ಹೇಳ್ತಿದ್ಲು. ಒಂದು ಸಾಲೂ ಕೆಡ್ತಿರಲಿಲ್ಲ.

ಸೊಸಿ: ಆಯಿ ಬೀಜ ಬಿಡೂದು ನಾನೂ ನೋಡೀನಿ ಮಾಮಾ. ಉಡಿಯಾಗಿನ ಬೀಜ ಮುಷ್ಟಿಲೆ ತಗೊಂಡು ಬಟ್ಟಲಕ್ಕ ಬಿಡಬೇಕು, ಎಲ್ಲಾ ಕೊಳವಿಗೂ ಸಮ ಹೋಗಬೇಕು, ಎತ್ತಿನ ನಡಿಗಿಗೆ ಕೈ ಹೊಂದಬೇಕು, ಒಂದು ಕೊಳವಿ ಮಣ್ಣು ಹಿಡಿದು ಕಟ್ಟಿದ್ರ ಗೊತ್ತಾಗಬೇಕು. ಭಾಳ ದೊಡ್ಡ ವಿದ್ಯಾ ಅದು. ಆದ್ರ ಒಂದು ಕೇಳ್ತೀನಿ. ಹೊಲದ ಕಡೀಗೆ ವಡ್ಡು ಬಂದು ಎತ್ತು ತಿರುಗಿಸುವಾಗ ಆಯಿ ಮಾತಾಡ್ತಿದ್ಲೇನು?

ಮಾಮಾ: ಇಲ್ಲ. ವಡ್ಡಿನ ಹಂತೇಕ ಮಾತು ನಿಲ್ತಿತ್ತು. ಬೀಜ ಬಿಡೂದು ನಿಲ್ಲಸಬೇಕು, ಕೂರಿಗಿ ಎತ್ತಬೇಕು, ತಿರುಗಿ ಸಾಲು ಹಿಡೀಬೇಕು. ಸಾಲು ಹಿಡಿದ ಮ್ಯಾಲ ಸುದ್ದಿ ಬಿಟ್ಟಲ್ಲಿಂದ ಮತ್ತ ಚಾಲೂ.

ಸೊಸಿ: ಹೊಸದಾಗಿ ಬೀಜ ಬಿಡಾಕ ನಿಂತ ಹುಡುಗಿ ಹೆಂಗ?

ಮಾಮಾ: ಅಕಿ ಬಾಯಿ ತಗಿಯೂದ ಇಲ್ಲ. ಯಾರರ ಮಾತಾಡ್ಸಿದ್ರ ಬೀಜ ಒಂದ ಕೊಳವಿಗೆ ಬೀಳ್ತಾವ. ಆವತ್ತು ಯಾರಿಗೂ ಕಾಣೂದಿಲ್ಲ. ಮೊಳಕಿ ಎದ್ದಾಗ ಕಾಣ್ತೈತಿ, ಒಂದು ಸಾಲು ಒತ್ತು, ಮಗ್ಗಲ ಸಾಲು ಖಾಲಿ.

ಸೊಸಿ: ನನ್ನ ಪಾಠದ ಅರ್ಧ ನೀವ ಹೇಳಿಬಿಟ್ರಿ. ಆಯಿಗೆ ಬೀಜ ಬಿಡೂದು ಕೈಗೆ ಕೂತ ಕೆಲಸ. ಅದಕ್ಕ ವಿಚಾರ ಬೇಕಾಗಿರಲಿಲ್ಲ. ವಿಚಾರ ಎಲ್ಲಾ ಸುದ್ದಿ ಹೇಳಾಕ ಸಿಗ್ತಿತ್ತು. ವಡ್ಡು ಬಂದಾಗ ಕೈಗೂ ವಿಚಾರ ಬೇಕಾತು, ಬಾಯಿ ಸುಮ್ಮನಾತು. ಆ ಹುಡುಗಿಗೆ ಇಡೀ ಹೊಲಾನ ವಡ್ಡು. ಅಂದ್ರ ಒಮ್ಮಿಗೆ ಎರಡು ಕೆಲಸ ಆಗ್ತಾವ, ಎರಡು ವಿಚಾರ ಆಗೂದಿಲ್ಲ. ಬೇಕಾದ್ರ ಇಲ್ಲೇ ನೋಡೋಣ. ಕೈ ನಿಲ್ಲಸಬ್ಯಾಡ್ರಿ. ಮಣೂಕ ಆರಿಸ್ಕೋತ ಎಂಟರ ಮಗ್ಗಿ ಹೇಳ್ರಿ.

ಮಾಮಾ: ಎಂಟೊಂದ್ಲೆ ಎಂಟು, ಎಂಟೆರಡ್ಲೆ ಹದಿನಾರು, ಎಂಟ್ಮೂರ್ಲೆ ಇಪ್ಪತ್ನಾಕು… ಇದೇನು ಪರೀಕ್ಷಾ? ನಿದ್ದಿಯೊಳಗ ಹೇಳ್ತೀನಿ.

ಸೊಸಿ: ಕೈ ನಿಲ್ಲಲಿಲ್ಲ, ಹಸಿರು ಹಸಿರಿನ ಬುಟ್ಟಿಗೇ ಹೋಗಾಕತ್ತೈತಿ. ಈಗ ನೂರರಾಗ ಏಳು ಕಳೀರಿ. ಬಂದಿದ್ದರಾಗ ಮತ್ತ ಏಳು ಕಳೀರಿ. ಹಂಗ ಕಳಕೋತ ಹೋಗ್ರಿ.

ಮಾಮಾ: ತೊಂಬತ್ಮೂರು. ಎಂಬತ್ತಾರು. ಎಂಬತ್ತಾರರಾಗ ಏಳು… ಎಪ್ಪತ್ತೊಂಬತ್ತು. ಎಪ್ಪತ್ತೊಂಬತ್ತರಾಗ… ತಡಿ… ಎಪ್ಪತ್ತೆರಡು.

ಸೊಸಿ: ಕೈ ನೋಡಿಕೊಳ್ರಿ ಮಾಮಾ.

ಮಾಮಾ: ನಿಂತಾವ. ಮಣೂಕ ಬೆರಳಾಗ ಹಿಡಕೊಂಡು ಕುಂತೀನಿ. ಈ ಕಂದಿದ್ದು ಹಸಿರಿನ ಬುಟ್ಟಿಗೆ ಬಿದ್ದೈತಿ.

ಸೊಸಿ: ಮಗ್ಗಿ ನಾಲಿಗೆ ಮ್ಯಾಲ ಕೂತಿದ್ದು, ಕಳಿಯೂದು ಆವಾಗಿಂದ ಆವಾಗ ಲೆಕ್ಕಾ ಹಾಕೂದು. ಬಣ್ಣ ನೋಡಿ ಇದು ಯಾವ ಬುಟ್ಟಿಗೆ ಅನ್ನೂದೂ ಒಂದು ಸಣ್ಣ ನಿರ್ಧಾರ. ಎರಡು ನಿರ್ಧಾರ ಒಮ್ಮಿಗೆ ಬಂದು ನಿಂತ್ರ ಒಂದು ಕಾಯಲೇಬೇಕು. ಕಣ್ಣು ಬ್ಯಾರೆ, ಕಿವಿ ಬ್ಯಾರೆ, ಕೈ ಬ್ಯಾರೆ ಅದಾವ, ಅವು ತಮ್ಮ ತಮ್ಮ ಕೆಲಸ ಕೂಡೇ ಮಾಡಬಹುದು. ಆದ್ರ ನಡುವ ನಿರ್ಧಾರ ಮಾಡೂ ಜಾಗ ಹಳೇ ಊರಿನ ಅಗಸಿ ಇದ್ದಂಗ, ಒಂದು ಗಾಡಿ ಹಾದ ಮ್ಯಾಲ ಇನ್ನೊಂದು. 1952ರಾಗ ವೆಲ್ಫರ್ಡ್ ಅನ್ನೂ ವಿಜ್ಞಾನಿ ಇದನ್ನ ಸಿದ್ಧಾಂತ ಮಾಡಿ ಬರೆದ. ಒಂದು ಸೂಚನೆಗೆ ಉತ್ತರ ಕೊಡೂದರಾಗ ಇನ್ನೊಂದು ಬಂದ್ರ, ಎರಡನೇದರ ಉತ್ತರ ತಡಾ ಆಗೇ ಆಗ್ತೈತಿ. ತಡಾ ಆಗೂದು ಸೆಕೆಂಡಿನ ಒಂದು ತುಣುಕು ಅಷ್ಟ. ಅದಕ್ಕ ನಮಗ ಅದು ತಿಳಿಯೂದಿಲ್ಲ, ಎರಡೂ ಕೂಡೇ ಆದಂಗ ಅನಸ್ತೈತಿ.

ಮಾಮಾ: ಇದು ಖರೆ ಇರಬಹುದು. ಅಕ್ಟೋಬರ್ ಚಾಟ್ನಿಯೊಳಗ ನಾ ನೋಡೀನಿ. ಹತ್ತಾರು ವರ್ಷ ಕತ್ತರಿ ಹಿಡಿದ ಮಂದಿ ಮಾತಾಡಕೋತನ ಕಡ್ಡಿ ಕತ್ತರಸ್ತಾರ. ಆದ್ರ ಎಲ್ಲೋ ಒಂದು ಕಡ್ಡಿ ಬಡಕಲ ಬರ್ತೈತಿ, ಇಲ್ಲಾ ಅಡ್ಡಾದಿಡ್ಡಿ ಬೆಳೆದಿರತೈತಿ. ಎಷ್ಟನೇ ಕಣ್ಣಿಗೆ ಕತ್ತರಿ ಹಾಕಬೇಕು ಅನ್ನೂದು ತಿಳಿಯೂದಿಲ್ಲ. ಆವಾಗ ಮಾತು ನಡುವ ತುಂಡಾಗಿ ನಿಲ್ತೈತಿ. ಯಾರೂ ಸುಮ್ಮನಿರು ಅಂತ ಹೇಳಿರೂದಿಲ್ಲ. ತಪ್ಪು ಕಣ್ಣಿಗೆ ಕತ್ತರಿ ಬಿದ್ರ ಆ ಕಡ್ಡಿಗೆ ಗೊನಿ ಇಲ್ಲ, ವರ್ಷದ ಮಾತದು.

ಸೊಸಿ: ಚಲೋ ಕೆಲಸಗಾರರ ಗುರುತು ಅದ ಮಾಮಾ. ಎಲ್ಲಿ ಮಾತು ನಿಲ್ಲಸಬೇಕು ಅನ್ನೂದು ಅವರಿಗೆ ಕೈಯ ಹೇಳ್ತೈತಿ.

ಮಾಮಾ: ಆದ್ರೂ ಕಿವಿ ವಿಷಯಕ್ಕ ಬಾ. ಗೋಳಗುಮ್ಮಟದ ಮ್ಯಾಲಿನ ಗ್ಯಾಲರಿಯೊಳಗ ನಿಂತ್ರ ನೂರು ಹುಡುಗ್ರು ಒದರ್ತಿರ್ತಾವ. ಒಂದೊಂದು ಕೂಗೂ ಏಳೆಂಟು ಸಲ ತಿರುಗಿ ಬರ್ತೈತಿ. ಅದರೊಳಗ ಎದುರಿಗೆ ಗ್ವಾಡಿಗೆ ಬಾಯಿ ಹಚ್ಚಿ ನಮ್ಮಂವ ಪಿಸುಗುಟ್ಟಿದ್ದು ನಮಗ ಕೇಳತೈತಿ. ಅಂದ್ರ ಕಿವಿ ಎಲ್ಲಾ ತಗೊಳ್ಳಾಕತ್ತೈತಿ ಅಂತನ ಆತಲ್ಲ?

ಸೊಸಿ: ಕಿವಿಗೆ ಎಲ್ಲಾ ಬೀಳ್ತೈತಿ, ಮನಸ್ಸು ಒಂದನ್ನ ಆರಿಸ್ಕೋತೈತಿ. ಮುಹಮ್ಮದ್ ಆದಿಲ್ ಶಾಹನ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಷ್ಟು ದೂರದ ಪಿಸುಮಾತು ಗ್ವಾಡಿ ಹಿಡಿದು ಬರೂದು ಕಟ್ಟಡದ ಗುಣ. ಆ ಗದ್ದಲದಾಗ ಅದೊಂದನ್ನ ಹೆಕ್ಕಿ ತಗಿಯೂದು ನಮ್ಮ ಗುಣ. ಇದನ್ನ 1953ರಾಗ ಕಾಲಿನ್ ಚೆರ್ರಿ ಅನ್ನೂ ಇಂಗ್ಲೆಂಡಿನ ವಿಜ್ಞಾನಿ ಪರೀಕ್ಷಾ ಮಾಡಿದ. ಮಂದಿಗೆ ಹೆಡ್‌ಫೋನ್ ಹಾಕಿ ಬಲಗಿವಿಗೆ ಒಂದು ಮಾತು, ಎಡಗಿವಿಗೆ ಇನ್ನೊಂದು ಮಾತು ಕೇಳಿಸಿದ. ಒಂದು ಕಿವಿಯ ಮಾತನ್ನ ಕೇಳಿದ ಹಂಗ ಹೊಳ್ಳಿ ಹೇಳಬೇಕು. ಹೇಳಿದ್ರು. ಆಮ್ಯಾಲ ಇನ್ನೊಂದು ಕಿವಿಯಾಗ ಏನು ಬಂತು ಅಂತ ಕೇಳಿದ್ರ, ಗಂಡು ದನಿ ಹೋಗಿ ಹೆಣ್ಣು ದನಿ ಬಂದಿದ್ದು ಗೊತ್ತು, ಆದ್ರ ಮಾತಿನ ಅರ್ಥ ಗೊತ್ತಿಲ್ಲ. ಆ ಕಿವಿಯಾಗ ಇಂಗ್ಲಿಷ್ ಹೋಗಿ ಜರ್ಮನ್ ಶುರು ಆಗಿದ್ದೂ ತಿಳಿದಿರಲಿಲ್ಲ.

ಮಾಮಾ: ಭಾಷಾ ಬದಲಾಗಿದ್ದೂ ತಿಳೀಲಿಲ್ಲ?

ಸೊಸಿ: ತಿಳೀಲಿಲ್ಲ. ಆರು ವರ್ಷ ಬಿಟ್ಟು ನೆವಿಲ್ ಮೊರೆ ಅನ್ನೂ ಇನ್ನೊಬ್ಬ ವಿಜ್ಞಾನಿ ಆ ಕೇಳದ ಕಿವಿಯಾಗ ಅವರ ಹೆಸರು ಹಿಡಿದು ಕರೆದು ನೋಡಿದ. ಸುಮಾರು ಮೂವರಾಗ ಒಬ್ಬರಿಗೆ ಕೇಳ್ತು. ಗ್ಯಾಲರಿಯೊಳಗ ಅಷ್ಟು ಗದ್ದಲದಾಗೂ ನಮ್ಮ ಹೆಸರು ಯಾರರ ಕೂಗಿದ್ರ ಥಟ್ಟನ ತಿರುಗ್ತೀವಲ್ಲ, ಹಂಗ. ಬಾಗಲಾ ಪೂರಾ ಮುಚ್ಚಿರೂದಿಲ್ಲ. ಆದ್ರ ಒಳಗ ಬಿಡೂದು ಭಾಳ ಕಡಿಮಿ.

ಮಾಮಾ: ಹಂಗಾದ್ರ ಅಷ್ಟಾವಧಾನ ಮಾಡೂ ಮಂದಿ? ನಾ ಟಿವಿಯೊಳಗ ನೋಡೀನಿ. ಸುತ್ತಲೂ ಎಂಟು ಮಂದಿ ಪೃಚ್ಛಕರು. ಒಬ್ಬ ಸಮಸ್ಯಾ ಕೊಡ್ತಾನ, ಒಬ್ಬ ಇಂಥ ಅಕ್ಷರ ಬಳಸಬ್ಯಾಡ ಅಂತ ಪ್ರತಿ ಅಕ್ಷರಕ್ಕೂ ತಡೀತಾನ, ಒಬ್ಬ ನಾಲ್ಕು ಶಬ್ದ ಕೊಟ್ಟು ಪದ್ಯ ಕೇಳ್ತಾನ, ಒಬ್ಬ ಸುಮ್ಮ ಸುಮ್ಮನ ಅಪ್ರಸ್ತುತ ಮಾತಾಡಿ ಕೆಡಸ್ತಾನ. ಶತಾವಧಾನಿ ಆರ್. ಗಣೇಶ ಅವರು 2012ರಾಗ ಬೆಂಗಳೂರಾಗ ನೂರು ಮಂದಿಯನ್ನ ಕೂಡಿಸ್ಕೊಂಡು ಕನ್ನಡದಾಗ ಶತಾವಧಾನನ ಮಾಡಿದ್ರು. ಅಲ್ಲಿ ನೂರು ಕೆಲಸ ಒಮ್ಮಿಗೆ ಆಗಲಿಲ್ಲೇನು?

ಸೊಸಿ: ಇದು ಚಲೋ ಪ್ರಶ್ನಾ. ಅವಧಾನದಾಗ ಎಲ್ಲಾ ಪದ್ಯ ಒಂದ ಕ್ಷಣದಾಗ ಹುಟ್ಟೂದಿಲ್ಲ ಮಾಮಾ. ಸರದಿ ಇರತೈತಿ. ಮೊದಲನೇ ಸುತ್ತಿನಾಗ ಪದ್ಯ ಕೇಳಿದ ಒಬ್ಬೊಬ್ಬರಿಗೆ ಒಂದೊಂದು ಪಾದ ಹೇಳ್ತಾರ, ಎರಡನೇ ಸುತ್ತಿನಾಗ ಎರಡನೇ ಪಾದ. ಹಿಂಗ ನಾಲ್ಕು ಸುತ್ತಿಗೆ ಪದ್ಯ ಪೂರಾ ಆಗಿ, ಕಡೀಕ ಎಲ್ಲಾ ಪದ್ಯ ನೆನಪಿನಿಂದ ಒಪ್ಪಸ್ತಾರ. ಒಂದು ಗಳಿಗಿಗೆ ಒಂದ ಪದ್ಯದ ಮ್ಯಾಲ ಪೂರಾ ಮನಸ್ಸು. ಅಲ್ಲಿಂದ ಎದ್ದು ಇನ್ನೊಂದಕ್ಕ ಹೋಗೂದು, ಮತ್ತ ಬಂದಾಗ ಬಿಟ್ಟ ಜಾಗ ಮರೆತಿರಬಾರದು. ಹೋಗಿ ಬರೂ ಈ ಓಡಾಟಕ್ಕ ಸಾಮಾನ್ಯರು ಕೊಡೂ ಬೆಲಿ ಭಾಳ. ಎಲ್ಲಿದ್ದೆ ಅಂತ ಹುಡುಕಬೇಕು. ಅವಧಾನಿಗೆ ಛಂದಸ್ಸು ಆಯಿಗೆ ಬೀಜ ಬಿಡೂದು ಬಂದಂಗ ಬಂದಿರತೈತಿ, ಅದಕ್ಕ ಮನಸ್ಸು ಪೂರಾ ಅರ್ಥಕ್ಕ, ನೆನಪಿಗೆ ಸಿಗ್ತೈತಿ. ಇನ್ನೊಂದು ನೋಡ್ರಿ. ಅಪ್ರಸ್ತುತ ಪ್ರಸಂಗ ಅಂತ ಒಂದು ಅಂಗಾನ ಇಟ್ಟಾರ. ಗಮನ ಕೆಡಿಸೂದು ಎಷ್ಟು ಕಠಿಣ ಪರೀಕ್ಷಾ ಅನ್ನೂದು ನಮ್ಮ ಹಿರೇರಿಗೆ ಗೊತ್ತಿತ್ತು.

ಮಾಮಾ: ಅಂದ್ರ ಸಾಧನಾ ಮಾಡಿದ್ರ ಬರ್ತೈತಿ.

ಸೊಸಿ: ಒಂದು ಮಟ್ಟದ ತನಕ ಬರ್ತೈತಿ. 1976ರಾಗ ಅಮೆರಿಕಾದಾಗ ಎಲಿಜಬೆತ್ ಸ್ಪೆಲ್ಕಿ, ವಿಲಿಯಂ ಹರ್ಸ್ಟ್, ಅಲ್ರಿಕ್ ನೈಸರ್ ಅನ್ನೂ ಮೂವರು ಇಬ್ಬರು ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಬರೆದಾರ. ಕಥಿ ಓದ್ಕೋತ ಇರಬೇಕು, ಅದರ ಜೊತಿಗೆ ಕಿವಿಗೆ ಬಿದ್ದ ಶಬ್ದ ಬರ್ಕೋತ ಇರಬೇಕು. ಮೊದಮೊದಲು ಓದೂದು ನಿಧಾನ ಆತು, ಓದಿದ್ದೂ ಪೂರಾ ತಿಳೀಲಿಲ್ಲ. ವಾರಕ್ಕ ಐದು ತಾಸು ಅಭ್ಯಾಸ. ಆರೇಳು ವಾರಕ್ಕ ಓದೂ ವೇಗ ಮೊದಲಿನಂಗ ಆತು. 17 ವಾರದ ಕಡೀಕ ಬರೆಯೂ ಶಬ್ದಗಳ ಅರ್ಥನೂ ಗಮನಿಸಾಕ ಕಲಿತ್ರು.

ಮಾಮಾ: ಹಂಗಾದ್ರ ಈಗ ನಾ ಕೇಳಬೇಕಾದ್ದು ಕೇಳ್ತೀನಿ. ನಮ್ಮ ಹುಡುಗ್ರು ದಿನಾ ಕಿವಿಗೆ ಫೋನ್ ಹಚ್ಕೊಂಡು ತಿಕೋಟಾದಿಂದ ವಿಜಯಪುರಕ್ಕ ಗಾಡಿ ಹೊಡೀತಾವ. ಅವಕ್ಕೂ ಅದು ರೂಢಿ ಆಗೇ ಆಗತೈತಲ್ಲ? ಆ ಇಬ್ಬರಿಗೆ 17 ವಾರ, ಇವರಿಗೆ ಮೂರ್ನಾಲ್ಕು ವರ್ಷ ಆಗೈತಿ.

ಸೊಸಿ: ಅಲ್ಲೇ ಐತಿ ಮೋಸ. ಆ ವಿದ್ಯಾರ್ಥಿಗಳ ಮುಂದ ಪುಸ್ತಕದೊಳಗಿಂದ ದನ ಓಡಿ ಬರ್ತಿರಲಿಲ್ಲ. ಗಾಡಿ ಹೊಡಿಯೂದು ರೂಢಿ ಆಗಿರತೈತಿ ಖರೆ. ಅಥಣಿ ರಸ್ತಾ ನೆಟ್ಟಗ ಐತಿ, ಗೇರ್ ಹಾಕೂದು, ಬ್ರೇಕ್ ಹಿಡಿಯೂದು ಕೈಕಾಲಿಗೆ ಗೊತ್ತು. ಊರು ಮುಟ್ಟಿದ ಮ್ಯಾಲ ದಾರ್ಯಾಗ ಏನು ನೋಡಿದ್ವಿ ಅನ್ನೂದೂ ನೆನಪಿರೂದಿಲ್ಲ. ಅಷ್ಟು ರೂಢಿ ಆಗಿದ್ದಕ್ಕ ಫೋನ್ ಹಚ್ಚಿದ್ರೂ ನಡೀತೈತಿ ಅಂತ ಧೈರ್ಯ ಬರ್ತೈತಿ. ಆದ್ರ ಬಬಲೇಶ್ವರ ಕಡೆ ಕತ್ತಲಾಗ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರಾಲಿ ಕಟ್ಕೊಂಡು, ಹಿಂದ ದೀಪ ಇಲ್ಲದ ನಿಂತಿರತೈತಿ. ಅದು ಎಲ್ಲಿ ನಿಂತಿರತೈತಿ ಅನ್ನೂದನ್ನ ಯಾರೂ ರೂಢಿ ಮಾಡ್ಕೊಳ್ಳಾಕ ಬರೂದಿಲ್ಲ. ರಸ್ತಾದಾಗ ವಡ್ಡು ಹೇಳಿ ಬರೂದಿಲ್ಲ ಮಾಮಾ.

ಮಾಮಾ: ಬ್ಲೂಟೂತ್ ಹಾಕ್ಕೊಂಡ್ರ? ಕೈ ಎರಡೂ ಹ್ಯಾಂಡಲ್ ಮ್ಯಾಲ ಇರ್ತಾವ, ಕಣ್ಣು ರಸ್ತಾದ ಮ್ಯಾಲ ಇರ್ತಾವ.

ಸೊಸಿ: 2001ರಾಗ ಅಮೆರಿಕಾದ ಯೂಟಾ ವಿಶ್ವವಿದ್ಯಾಲಯದಾಗ ಡೇವಿಡ್ ಸ್ಟ್ರೇಯರ್, ವಿಲಿಯಂ ಜಾನ್‌ಸ್ಟನ್ ಇದನ್ನ ಅಳತಿ ಮಾಡಿದ್ರು. ಖರೆ ರಸ್ತಾದಾಗ ಅಲ್ಲ, ಗಾಡಿ ಹೊಡೆದಂಗ ಮಾಡೂ ಯಂತ್ರದ ಮುಂದ. ಫೋನಿನ್ಯಾಗ ಮಾತಾಡುವಾಗ ಕೆಂಪು ದೀಪ ಕಾಣದ ತಪ್ಪೂದು ಎರಡು ಪಟ್ಟಿಗಿಂತ ಹೆಚ್ಚಾತು. ಕಂಡವರೂ ಬ್ರೇಕ್ ಹಾಕೂದು ತಡಾ ಮಾಡಿದ್ರು. ಫೋನ್ ಕೈಯಾಗ ಹಿಡಿದವರಿಗೂ ಕೈ ಬಿಟ್ಟವರಿಗೂ ಫರಕ್ ಇರಲಿಲ್ಲ. ರೇಡಿಯೊ ಕೇಳಿದವರಿಗೆ ಆ ತ್ರಾಸು ಆಗಲಿಲ್ಲ. ಮುಂದ ಮಾಡಿದ ಪ್ರಯೋಗದಾಗ ಇನ್ನೊಂದು ಗೊತ್ತಾತು. ಫೋನಿನ್ಯಾಗ ಇದ್ದವರ ಕಣ್ಣು ದಾರಿ ಬದಿಯ ಫಲಕದ ಮ್ಯಾಲ ನಟ್ಟಿದ್ದು ಯಂತ್ರ ತೋರಸ್ತೈತಿ, ಆದ್ರ ಅವರಿಗೆ ಆ ಫಲಕ ನೋಡಿದ ನೆನಪ ಇಲ್ಲ. ಕಣ್ಣು ನೋಡೈತಿ, ಮನಸ್ಸಿಗೆ ಮುಟ್ಟಿಲ್ಲ.

ಮಾಮಾ: ಎಲ್ಲರಿಗೂ ಹಿಂಗನ? ಯಾರೋ ಒಬ್ಬರಿಗರ ಆಗಿರಬೇಕು.

ಸೊಸಿ: ಆಗೈತಿ. 2010ರಾಗ 200 ಮಂದಿಯನ್ನ ಪರೀಕ್ಷಾ ಮಾಡಿದಾಗ, ಎರಡೂ ಕೆಲಸದಾಗ ಏನೂ ಕಮ್ಮಿ ಆಗದವರು ನೂರಕ್ಕ ಎರಡೂವರೆ, ಅಂದ್ರ ಐದು ಮಂದಿ. ತಾನೂ ಆ ಐದರಾಗ ಒಬ್ಬ ಅಂತ ಎಲ್ಲಾ ಹುಡುಗ್ರೂ ತಿಳ್ಕೊಂಡಾವ. ಅದ ನನಗ ಭಯ ಮಾಮಾ. ಲೆಕ್ಕಾ ಹಾಕಿ ನೋಡ್ರಿ. ತಾಸಿಗೆ 60 ಕಿಲೋಮೀಟರ್ ವೇಗ ಅಂದ್ರ ಒಂದು ಸೆಕೆಂಡಿಗೆ ಹದಿನೇಳು ಮೀಟರ್ ಹತ್ತಿರ. ಅರ್ಧ ಸೆಕೆಂಡ್ ತಡಾ ಅಂದ್ರ ಎಂಟು ಮೀಟರ್ ದಾಟಿತು. ಮಾತು ಮುಗಿಸಿದ ಕೂಡಲೇ ಮನಸ್ಸು ರಸ್ತಾಕ್ಕ ಬಂದುಬಿಡತೈತಿ ಅಂತನೂ ಅಲ್ಲ. ಕಾರಿನ್ಯಾಗ ಬಾಯಿಲೆ ಅಪ್ಪಣೆ ಕೊಟ್ಟು ನಡಸೂ ಸಾಧನ ಬರ್ತಾವಲ್ಲ, ಅವುಗಳ ಮ್ಯಾಲ ಸ್ಟ್ರೇಯರ್ ತಂಡ 2015ರಾಗ ಅಳತಿ ಮಾಡಿದಾಗ, ಕೆಲವದರಾಗ ಅಪ್ಪಣೆ ಮುಗಿದು 27 ಸೆಕೆಂಡಿನ ತನಕ ಗಮನ ಪೂರಾ ಹೊಳ್ಳಿ ಬಂದಿರಲಿಲ್ಲ. ಅದ ವೇಗದಾಗ 27 ಸೆಕೆಂಡ್ ಅಂದ್ರ 450 ಮೀಟರ್.

ಮಾಮಾ: ಸರ್ಕಾರ ದಂಡ ಹಾಕೂದು ಕೈಯಾಗ ಹಿಡಿದವರಿಗೆ ಅಷ್ಟ ಅಲ್ಲೇನು?

ಸೊಸಿ: ಹೌದು. ಮೋಟಾರು ವಾಹನ ಕಾಯ್ದೆಗೆ 2019ರಾಗ ತಿದ್ದುಪಡಿ ಆತು. 184ನೇ ಕಲಮಿನಾಗ ಕೈಯಾಗ ಹಿಡಿಯೂ ಫೋನ್ ಬಳಸೂದನ್ನ ಅಪಾಯಕಾರಿ ಚಾಲನೆ ಅಂತ ಸೇರಿಸಿದ್ರು. ಮೊದಲ ಸಲಕ್ಕ 1,000ದಿಂದ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳಿಂದ ಒಂದು ವರ್ಷ ಜೈಲು, ಎರಡೂ ಆಗಬಹುದು. ಕಾನೂನು ಬೇಕ ಬೇಕು. ಆದ್ರ ಪೊಲೀಸರಿಗೆ ಕಾಣೂದು ಕೈ, ಕಾಣದ್ದು ತಲಿಯೊಳಗಿನ ಲೆಕ್ಕಾ.

ಮಾಮಾ: ಇದು ನನಗ ನಾಟತೈತಿ. ನಮಗ ಬರೂ ಫೋನ್ ಎಂಥಾದು ಗೊತ್ತೇನು? ತಾಸಗಾಂವದ ವ್ಯಾಪಾರಿ ಮಾಡ್ತಾನ. ಕಿಲೋಕ್ಕ ಇಷ್ಟು ರೇಟು, ಕೊಡ್ತೀಯೋ ಬಿಡ್ತೀಯೋ ಈಗ ಹೇಳು ಅಂತಾನ. ಅವಾಗ ತಲಿಯೊಳಗ ಕೂಲಿ, ಔಷಧದ ಬಾಕಿ, ಬ್ಯಾಂಕಿನ ಬಡ್ಡಿ, ಕೋಲ್ಡ್ ಸ್ಟೋರೇಜಿನ ಬಾಡಿಗಿ ಎಲ್ಲಾ ಎದ್ದು ಕುಂಡ್ರತಾವ.

ಸೊಸಿ: ನೂರರಾಗ ಏಳು ಕಳಿಯೂದಕ್ಕ ನಿಮ್ಮ ಕೈ ನಿಂತು. ಇದು ವರ್ಷದ ದುಡಿಮಿ ಕಳಿಯೂ ಕೂಡಿಸೂ ಲೆಕ್ಕಾ. ಇಲ್ಲಿ ಕೈ ನಿಂತ್ರ ಒಂದು ಮಣೂಕ ತಪ್ಪಿ ಬೀಳ್ತೈತಿ. ಅಲ್ಲಿ ಗಾಡಿ ನಿಲ್ಲೂದಿಲ್ಲ.

ಮಾಮಾ: ಒಂದು ಮಾತು ಉಳೀತು. ಗಾಡ್ಯಾಗ ಮಗ್ಗಲದಾಗ ಕುಂತಾವನ ಜೋಡಿ ಮಾತಾಡ್ತೀವಲ್ಲ? ಅದೂ ಮಾತ ಅಲ್ಲೇನು? ಅದಕ್ಕೇನೂ ಆಗೂದಿಲ್ಲ.

ಸೊಸಿ: ನಾ ಹೇಳಬೇಕಂತ ಬಂದಿದ್ದು ಇದನ್ನ. 2008ರಾಗ ಅದ ಯೂಟಾದವರು ಇದನ್ನ ನೋಡಿದ್ರು. ಗೆಳೆಯ ಮಗ್ಗಲದಾಗ ಕುಂತು ಮಾತಾಡಿದ್ರ ಗಾಡಿ ಹೊಡಿಯೂದು ಅಷ್ಟು ಕೆಡಲಿಲ್ಲ, ಅದ ಗೆಳೆಯ ಫೋನಿನ್ಯಾಗ ಇದ್ದಾಗ ಕೆಡ್ತು. ಯಾಕಂದ್ರ ಮಗ್ಗಲದಾವಗ ರಸ್ತಾ ಕಾಣ್ತೈತಿ. ಮುಂದ ಗದ್ದಲ ಬಂದ್ರ ಅವನೂ ಸುಮ್ಮನಾಗ್ತಾನ, ಇಲ್ಲಾ ಮಾತು ಬಿಟ್ಟು ಹುಷಾರು ಅಂತಾನ. ಆಯಿ ಜೋಡಿ ಕೂರಿಗಿ ಹೊಡೆಯಾಂವ ವಡ್ಡಿನ ಹಂತೇಕ ಸುಮ್ಮನಾಗ್ತಿದ್ದನಲ್ಲ, ಹಂಗ. ಫೋನಿನ್ಯಾಗ ಇದ್ದವರಿಗೆ ವಡ್ಡು ಕಾಣೂದಿಲ್ಲ. ಅವರು ಮಾತಾಡಕೋತನ ಇರ್ತಾರ, ಉತ್ತರ ಕೇಳಕೋತನ ಇರ್ತಾರ.

ಮಾಮಾ: ಅಂದ್ರ ಗಮನ ಅನ್ನೂದು ಒಬ್ಬನ ಕೈಯಾಗಿನ ಮಾತಲ್ಲ.

ಸೊಸಿ: ಅಲ್ಲ. ಮಗ್ಗಲಿನವರು ಅದನ್ನ ಕಾಯ್ತಾರ, ಇಲ್ಲಾ ಕಸ್ಕೋತಾರ.

ಮಾಮಾ: ಇದು ನಾ ಕಣ್ಣಾರೆ ಕಂಡೀನಿ. ನಮ್ಮ ಬಿಜ್ಜರಗಿಯೊಳಗ ಹುಟ್ಟಿದ ಸಿದ್ಧೇಶ್ವರ ಅಪ್ಪಗೋಳು 2023ರ ಜನವರಿ 2ಕ್ಕ ದೇಹ ಬಿಟ್ರು. ಅವರು ಎಷ್ಟು ಸಣ್ಣ ದನಿಯಾಗ ಪ್ರವಚನ ಹೇಳ್ತಿದ್ರು. ಸಾವಿರಾರು ಮಂದಿ ಕುಂತಿರ್ತಿದ್ವಿ, ಒಬ್ಬರಿಗೊಬ್ಬರು ಯಾರೂ ಸುಮ್ಮನಿರು ಅಂತಿರಲಿಲ್ಲ. ಮಗ್ಗಲದಾಂವ ಸುಮ್ಮನಿದ್ದಾನ ಅಂತ ನಾನೂ ಸುಮ್ಮನಿರ್ತಿದ್ದೆ, ನಾ ಸುಮ್ಮನಿದ್ದದ್ದಕ್ಕ ಹಿಂದಿನಾವಗ ಕೇಳ್ತಿತ್ತು. ಒಬ್ಬರ ಗಮನಾನ ಇನ್ನೊಬ್ಬರು ಹಿಡಕೊಂಡು ಕುಂತಿರ್ತಿದ್ರು.

ಸೊಸಿ: ಅದನ್ನ ರಸ್ತಾಕ್ಕೂ ತರಬೇಕು ಮಾಮಾ. ನಾವು ಎಲ್ಲಾ ಬುದ್ಧಿ ಗಾಡಿ ಹೊಡಿಯೂ ಹುಡುಗನಿಗೆ ಹೇಳ್ತೀವಿ. ಫೋನ್ ಎತ್ತಬ್ಯಾಡ ಅಂತೀವಿ. ಆದ್ರ ಅವನಿಗೆ ಫೋನ್ ಮಾಡೂದು ಯಾರು? ಎಲ್ಲಿದ್ದೀ, ಎಲ್ಲಿ ಮುಟ್ಟಿದಿ, ಬರುವಾಗ ಗುಳಿಗಿ ತಾ, ಇಂಥಾ ಹೊಲದ ಮೋಟರ್ ಚಾಲೂ ಮಾಡು ಅಂತ ಮನಿಯಿಂದ ನಾವ ಮಾಡ್ತೀವಿ. ಎತ್ತದಿದ್ರ ಮತ್ತ ಮಾಡ್ತೀವಿ. ಎತ್ತಿದ ಮ್ಯಾಲ ಆ ಕಡೆ ಗಾಳಿ ಸದ್ದು, ಹಾರ್ನ್ ಸದ್ದು ಕೇಳಿದ್ರೂ ಮಾತು ಮುಗಿಸೂ ತನಕ ಬಿಡೂದಿಲ್ಲ. ಹುಡುಗ ಒಬ್ಬನ ತಪ್ಪು ಮಾಡಾಕತ್ತಿಲ್ಲ, ಅದರಾಗ ನಮ್ಮ ಪಾಲೂ ಐತಿ.

ಮಾಮಾ: ವ್ಯಾಪಾರಿಗೂ ಹೇಳಬಹುದು. ಗಾಡಿ ಬದಿಗೆ ಹಚ್ಚಿ ಹತ್ತು ಮಿನಿಟಿಗೆ ನಾನ ಮಾಡ್ತೀನಿ ಅಂದ್ರ ರೇಟು ಓಡಿ ಹೋಗೂದಿಲ್ಲ. ಓಡಿ ಹೋದ್ರ ಹೋಗಲಿ. ಇವತ್ತು ಸಂಜೀಕ ನಮ್ಮ ಹುಡುಗ ಬಾಕ್ಸ್ ತಗೊಂಡು ವಿಜಯಪುರಕ್ಕ ಹೊಂಟಾನ. ಅವಂಗ ಹೇಳಬೇಕಾದ್ದು ಎಲ್ಲಾ ಇಲ್ಲೇ, ಗಾಡಿ ಚಾಲೂ ಮಾಡೂ ಮೊದಲ ಹೇಳಿಬಿಡ್ತೀನಿ. ಮನ್ಯಾಗಿನ ಹೆಣ್ಣುಮಕ್ಕಳಿಗೂ ಹೇಳ್ತೀನಿ, ಅವಂಗ ಮುಟ್ಟೂ ಹೊತ್ತು ಆಗೂ ತನಕ ಯಾರೂ ಹಚ್ಚಬ್ಯಾಡ್ರಿ ಅಂತ. ಅವಸರ ಇದ್ದು ಮಾಡಾಕ ಬೇಕ ಆದ್ರ ಮೊದಲ ಮಾತು ಏನಿರಬೇಕು ಹೇಳು?

ಸೊಸಿ: ‘ಗಾಡಿ ಮ್ಯಾಲ ಅದೀಯೇನು?’ ಇದೊಂದು ಕೇಳೂದು. ಹೌದು ಅಂದ್ರ ಮುಂದಿನ ಮಾತು ಆಡದ ಫೋನ್ ಇಟ್ಟುಬಿಡೂದು. ಇದಕ್ಕ ಕಾನೂನು ಬೇಕಿಲ್ಲ, ಯಂತ್ರ ಬೇಕಿಲ್ಲ. ತಿಕೋಟಾ, ಬಬಲೇಶ್ವರ, ವಿಜಯಪುರ, ಎಲ್ಲಾ ಊರಾಗೂ ಫೋನ್ ಮಾಡೂ ಮಂದಿ ಇಷ್ಟು ರೂಢಿ ಮಾಡ್ಕೊಂಡ್ರ, ಗಾಡಿ ಹೊಡಿಯಾವಗ ಇರೂ ಒಂದ ಒಂದು ಗಮನ ಪೂರಾ ರಸ್ತಾಕ್ಕ ಸಿಗ್ತೈತಿ.